ಹನ್ನೊಂದು ಮಿಕ್ಸಿ ಮನೆಯ ಕೋಲ್ಡ್ ಕಾಫಿ

"ಹನ್ನೊಂದು!" ಎಂದಳು ತರ್ಲೆ.

"ಸುಳ್ಳು," ಎಂದ ಕಡ್ಡಿ. ಅವನ ಬಾಯಿ ತುಂಬ ಬಿಸ್ಕತ್ತು ಇದ್ದದ್ದರಿಂದ ಅದು "ಥುಳ್ಳು" ಎಂದು ಕೇಳಿಸಿತು.

"ಬಂದು ಎಣಿಸ್ಕೋ. ನಮ್ಮನೇಲಿ ಹನ್ನೊಂದು ಮಿಕ್ಸಿ ಇವೆ. ನಿಮ್ಮನೇಲಿ ಎಷ್ಟಿವೆ?"

"ಒಂದು," ಎಂದ ಕಡ್ಡಿ, ಸ್ವಲ್ಪ ನಾಚಿಕೊಂಡು.

ಊಟದ ಬಿಡುವಿನಲ್ಲಿ ಮೂವರೂ ಮೆಟ್ಟಿಲ ಮೇಲೆ ಕೂತಿದ್ದರು. ಕಡ್ಡಿ ನಿಜಕ್ಕೂ ಕಡ್ಡಿಯ ಹಾಗೇ ಇದ್ದ. ಡಬ್ಬಿ ಎನ್ನುವ ಹುಡುಗಿ ಊಟದ ಡಬ್ಬಿಯನ್ನು ಗಣಿತದ ಪೀರಿಯಡ್‌ನಲ್ಲೂ ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ. ಇನ್ನು ತರ್ಲೆಗೆ ಆ ಹೆಸರು ಯಾಕೆ ಬಂತು ಎನ್ನುವುದು ಈ ಕತೆ ಮುಗಿಯುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ಜಗಳ ಶುರುವಾದದ್ದು ಕೋಲ್ಡ್ ಕಾಫಿಯಿಂದ. ಡಬ್ಬಿಯ ಚಿಕ್ಕಮ್ಮ ಅವಳಿಗೆ ಕೋಲ್ಡ್ ಕಾಫಿ ಮಾಡಿ ಕೊಟ್ಟಿದ್ದರಂತೆ. ಮೇಲೆ ಒಂದು ಬೆರಳು ನೊರೆ ಇತ್ತಂತೆ. ಡಬ್ಬಿ ಅದನ್ನು ಬೆಳಗ್ಗಿನಿಂದ ಆರು ಸಲ ಹೇಳಿದ್ದಳು. ಹೇಳಿದಾಗಲೆಲ್ಲ ನೊರೆ ಅರ್ಧ ಬೆರಳು ಬೆಳೆಯುತ್ತಿತ್ತು. ತರ್ಲೆಗೆ ತಡೆಯಲಾಗಲಿಲ್ಲ.

"ಒಂದು ಮಿಕ್ಸಿ ಇರೋರೇ ಅಷ್ಟು ನೊರೆ ಬರಿಸಿದ್ರೆ, ಹನ್ನೊಂದು ಮಿಕ್ಸಿ ಇರೋರು ಎಷ್ಟು ಬರಿಸಬೇಕು? ಶನಿವಾರ ನಾಲ್ಕು ಗಂಟೆಗೆ ನಮ್ಮನೆಗೆ ಬನ್ನಿ," ಎಂದುಬಿಟ್ಟಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಯುದ್ದದ ಹಲಗೆಯ ಮೇಲೆ, ಹನ್ನೊಂದು ಮಿಕ್ಸಿಗಳು ಸಾಲಾಗಿ ಕೂತಿದ್ದವು. ಅವಳ ಅಪ್ಪ ಮಿಕ್ಸಿ ರಿಪೇರಿ ಮಾಡುತ್ತಿದ್ದರು. ಒಂದು ಸಣ್ಣ ವಿಷಯವನ್ನು ಮಾತ್ರ ಅವಳು ಹೇಳಲಿಲ್ಲ. ಹನ್ನೊಂದರಲ್ಲಿ ಹತ್ತು ಬೇರೆಯವರ ಮನೆಯವು. ಹನ್ನೊಂದನೆಯದು ಅವರದೇ, ಆದರೆ ಅದು ಹೊಟ್ಟೆ ಬಿಚ್ಚಿಕೊಂಡು ಮಲಗಿ ಮೂರು ವರ್ಷವಾಗಿತ್ತು. ತುರ್ತಿಗೆ ಬಂದ ಗಿರಾಕಿಗಳಿಗೆ ಅಪ್ಪ ಅದರಿಂದಲೇ ಒಂದೊಂದು ಭಾಗ ಕಿತ್ತು ಕೊಡುತ್ತಿದ್ದರು. ಈಗ ಅದರಲ್ಲಿ ಉಳಿದಿದ್ದದ್ದು ಡಬ್ಬ ಮತ್ತು ವೈರು.

ಅಮ್ಮ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ಕುಟ್ಟಾಣಿಯಲ್ಲಿ ಮೆಣಸು ಕುಟ್ಟುತ್ತಾ, "ಈ ಮನೇಲಿ ಮಿಕ್ಸಿ ಬಿಟ್ಟು ಎಲ್ಲಾ ಇದೆ," ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು. ಅಪ್ಪ, "ನಾಳೆ ಮಾಡ್ತೀನಿ," ಎನ್ನುತ್ತಿದ್ದರು. ಇಬ್ಬರಿಗೂ ಅದು ಅಭ್ಯಾಸವಾಗಿಹೋಗಿತ್ತು.

ಅಪ್ಪನಿಗೆ ಒಂದೇ ಒಂದು ಕಟ್ಟುನಿಟ್ಟು. ಗಿರಾಕಿಯ ಮಿಕ್ಸಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು. ರಿಪೇರಿಯಾದ ಮೇಲೆ ಅರ್ಧ ಜಾರು ನೀರು ಹಾಕಿ ಓಡಿಸಬೇಕು, ಒರೆಸಬೇಕು, ಚೀಟಿಯ ಮೇಲೆ ಟಿಕ್ ಹಾಕಿ ಹಲಗೆಯ ಮೇಲಿಡಬೇಕು. ಅದಾದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ.

ಶನಿವಾರ ಬಂತು. ಅಪ್ಪ ಸ್ಪೇರ್ ಪಾರ್ಟ್ಸ್ ತರಲು ಪೇಟೆಗೆ ಹೋದರು. ಅಮ್ಮ ಡ್ಯೂಟಿಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ತರ್ಲೆ ಮತ್ತು ಅಜ್ಜಿ. ಅಜ್ಜಿ ಎಂದರೆ ಅಪ್ಪನ ಅಮ್ಮ. ತಣ್ಣಗಿನದ್ದು ಕುಡಿಯಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅಜ್ಜಿಗೆ ತಣ್ಣಗಿನದ್ದರ ಮೇಲೆಯೇ ಪ್ರಾಣ.

"ಅಜ್ಜೀ, ಕೋಲ್ಡ್ ಕಾಫಿ ಹೇಗೆ ಮಾಡೋದು?"

ಅಜ್ಜಿ ಪೇಪರ್ ಕೆಳಗಿಟ್ಟರು. "ಎಷ್ಟು ಜನಕ್ಕೆ?"

"ಕಡ್ಡಿ, ಡಬ್ಬಿ, ನಾನು."

"ನಾಲ್ಕು," ಎಂದು ಅಜ್ಜಿ ಸೆರಗು ಬಿಗಿದುಕೊಂಡು ಎದ್ದರು.

ಅಜ್ಜಿ ಹೇಳಿದ ಹಾಗೆ ತರ್ಲೆ ಒಂದು ಲೋಟಕ್ಕೆ ನಾಲ್ಕು ಚಮಚ ಕಾಫಿ ಪುಡಿ, ಎಂಟು ಚಮಚ ಸಕ್ಕರೆ, ಎರಡು ಚಮಚ ಬಿಸಿ ನೀರು ಹಾಕಿ ಚಮಚದಲ್ಲಿ ಕಡೆಯತೊಡಗಿದಳು. ಮೊದಲು ಅದು ಕೆಸರಿನ ಹಾಗಿತ್ತು. ಕೈ ನೋಯುವ ಹೊತ್ತಿಗೆ ಬಣ್ಣ ತಿಳಿಯಾಗಿ, ಮಂದವಾಗಿ, ಚಮಚಕ್ಕೆ ಅಂಟಿಕೊಳ್ಳತೊಡಗಿತು.

"ಸಾಕಾ?"

"ಇನ್ನೂ ಕಡಿ."

"ಕೈ ಬಿದ್ದುಹೋಗ್ತಿದೆ ಅಜ್ಜಿ."

"ಬಿದ್ರೆ ಎತ್ಕೊಂಡು ಕಡಿ," ಎಂದರು ಅಜ್ಜಿ. ಹಾಗೆನ್ನುತ್ತಲೇ ಅವರು ಫ್ರಿಜ್ಜಿನಿಂದ ಹಾಲಿನ ಪಾತ್ರೆ ತೆಗೆದು, ಮೇಲೆ ಕಟ್ಟಿದ್ದ ದಪ್ಪ ಕೆನೆಯನ್ನು ಪೂರ್ತಿ ಬಾಚಿ ಬಟ್ಟಲಿಗೆ ಹಾಕಿದರು. "ಕೆನೆ ಹಾಕ್ದೆ ಮಾಡಿದ್ರೆ ಅದು ಕೋಲ್ಡ್ ಕಾಫಿ ಅಲ್ಲ, ಲೋಟ ತೊಳೆದ ನೀರು. ಈಗ ಐಸ್ ತಾ."

ಬೇರೆ ಮನೆಗಳಲ್ಲಿ ಐಸ್ ಟ್ರೇಯಲ್ಲಿ ಐಸ್ ಇರುತ್ತದೆ. ಈ ಮನೆಯ ಐಸ್ ಟ್ರೇಯಲ್ಲಿ ಸ್ಕ್ರೂಗಳಿದ್ದವು. ಹದಿನಾಲ್ಕು ಗುಳಿಗಳಲ್ಲಿ ಹದಿನಾಲ್ಕು ಅಳತೆಯ ಸ್ಕ್ರೂಗಳು. ಇಷ್ಟು ಒಳ್ಳೆಯ ಸ್ಕ್ರೂ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಅಪ್ಪ ಅದನ್ನು ಎಂದೋ ಕೋಣೆಗೆ ಸಾಗಿಸಿದ್ದರು. ಹಾಗಾಗಿ ತರ್ಲೆ ಹಿಂದಿನ ದಿನವೇ ಒಂದು ದೊಡ್ಡ ಸ್ಟೀಲ್ ಬಟ್ಟಲಲ್ಲಿ ನೀರಿಟ್ಟಿದ್ದಳು. ಈಗ ಅದು ಒಂದೇ ಮುದ್ದೆಯಾಗಿತ್ತು. ಅಪ್ಪನ ಸುತ್ತಿಗೆ ತಂದು ಬಡಿದಳು. ಮುದ್ದೆ ನಾಲ್ಕು ತುಂಡಾಯಿತು.

"ಇನ್ನೂ ಸಣ್ಣಗೆ ಮಾಡು," ಎಂದರು ಅಜ್ಜಿ.

"ಮಿಕ್ಸಿ ಇರೋದು ಮತ್ಯಾಕೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಮುಂದಿನ ಕೋಣೆಯ ಕಡೆ ನೋಡಿದರು.

"ನಿಮ್ಮಪ್ಪ ಬೈತಾನೆ," ಎಂದರು ಅಜ್ಜಿ.

"ತೊಳೆದು ಒರೆಸಿ ಇಟ್ರೆ?"

"ಆಗ ಗೊತ್ತಾಗಲ್ಲ," ಎಂದರು ಅಜ್ಜಿ. ಮೊಮ್ಮಗಳು ಯಾರನ್ನು ಹೋಲುತ್ತಾಳೆ ಎಂದು ಈ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹಲಗೆಯ ತುದಿಯಲ್ಲಿ ಒಂದು ನೀಲಿ ಮಿಕ್ಸಿ ಇತ್ತು. ಚೀಟಿಯ ಮೇಲೆ ಅಪ್ಪನ ಗುಂಡು ಅಕ್ಷರದಲ್ಲಿ 'ಗಣಿತದ ಟೀಚರ್' ಎಂದಿತ್ತು. ಪಕ್ಕದಲ್ಲಿ ಟಿಕ್. ಗಣಿತದ ಮಿಸ್ ಬರುವುದು ಸಂಜೆ ಆರಕ್ಕೆ. ಬೆಳಿಗ್ಗೆಯಷ್ಟೇ ಅಪ್ಪ ಅದಕ್ಕೆ ಹೊಸ ಕಪ್ಲರ್ ಹಾಕಿದ್ದನ್ನು ತರ್ಲೆ ನೋಡಿದ್ದಳು. ಕಪ್ಲರ್ ಎಂದರೆ ಮಿಕ್ಸಿಯ ನೆತ್ತಿಯಲ್ಲಿ ಜಾರನ್ನು ಹಿಡಿದು ತಿರುಗಿಸುವ, ಹಲ್ಲುಗಳಿರುವ ಕಪ್ಪು ಚಕ್ರ. ಅದು ಸರಿಯಿದ್ದರೆ ಜಾರು ತಿರುಗುತ್ತದೆ, ಇಲ್ಲದಿದ್ದರೆ ಮೋಟರು ಸುಮ್ಮನೆ ಕೂಗುತ್ತದೆ.

ಕಾಲಿಂಗ್ ಬೆಲ್ ಹೊಡೆಯಿತು. ಇನ್ನೂ ಮೂರೂವರೆ. ತಿನ್ನುವ ಕುಡಿಯುವ ವಿಷಯದಲ್ಲಿ ಡಬ್ಬಿ ಯಾವತ್ತೂ ತಡ ಮಾಡಿದವಳಲ್ಲ.

"ಒಂದು, ಎರಡು, ಮೂರು..." ಕಡ್ಡಿ ಬಾಗಿಲಲ್ಲೇ ನಿಂತು ಎಣಿಸಿದ. ಹನ್ನೊಂದಕ್ಕೆ ಬಂದಾಗ ಅವನ ಮುಖ ನೋಡಬೇಕಿತ್ತು.

ತರ್ಲೆ ನೀಲಿ ಮಿಕ್ಸಿಯ ಜಾರಿಗೆ ಹಾಲು ಸುರಿದಳು. ಕಡೆದ ಕಾಫಿ ಹಾಕಿದಳು. ಅಜ್ಜಿ ಕೆನೆ ಹಾಕಿದರು. ನಾಲ್ಕೂ ಐಸ್ ತುಂಡುಗಳು ಒಳಗೆ ಬಿದ್ದವು. ಮುಚ್ಚಳ ಒತ್ತಿ ಹಿಡಿದು ಗುಂಡಿ ತಿರುಗಿಸಿದಳು.

ಗಡಗಡಗಡ ಎಂದು ಮಿಕ್ಸಿ ಮೇಜಿನ ಮೇಲೆ ಕುಣಿಯಿತು. ಕಡ್ಡಿ ಹಿಂದಕ್ಕೆ ಜಿಗಿದ. ಅಜ್ಜಿ, "ಬಿಡಬೇಡ, ಹಿಡ್ಕೋ!" ಎಂದು ಕೂಗಿದರು. ಒಳಗಿನ ಗಡಗಡ ನಿಧಾನವಾಗಿ ಗರಗರವಾಯಿತು, ಆಮೇಲೆ ಬುಸ್ ಎನ್ನತೊಡಗಿತು. ನೊರೆ ಮುಚ್ಚಳದವರೆಗೂ ಏರಿತ್ತು. ಇನ್ನೊಂದು ಸುತ್ತು ಓಡಿಸೋಣ ಎಂದು ತರ್ಲೆ ಮತ್ತೆ ಗುಂಡಿ ತಿರುಗಿಸಿದಳು.

ಟಕ್.

ಅಷ್ಟೇ. ಜಾರು ಒಂದು ಸಲ ನಿಂತು ಮತ್ತೆ ತಿರುಗಿತು. ಬೇರೆಯವರಿಗೆ ಅದು ಕೇಳಿಸಲೇ ಇಲ್ಲ. ಮಿಕ್ಸಿಗಳ ಸದ್ದಿನಲ್ಲೇ ಹುಟ್ಟಿ ಬೆಳೆದ ತರ್ಲೆಗೆ ಕೇಳಿಸಿತು. ತಕ್ಷಣ ಗುಂಡಿ ಆರಿಸಿದಳು.

ಜಾರು ಎತ್ತಿ ನೋಡಿದಳು. ಕಪ್ಲರಿನ ಆರು ಹಲ್ಲುಗಳಲ್ಲಿ ಎರಡು ಮುರಿದು ಪಕ್ಕದಲ್ಲಿ ಬಿದ್ದಿದ್ದವು.

ಕೋಲ್ಡ್ ಕಾಫಿ ಅದ್ಭುತವಾಗಿತ್ತು, ಅದನ್ನು ಹೇಳಲೇಬೇಕು. ಕೆನೆ ಸೇರಿ ಮಂದವಾಗಿ, ನಾಲಿಗೆಯ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಕಡ್ಡಿಗೆ ನೊರೆಯ ಮೀಸೆ ಬಂತು. ಅಜ್ಜಿಗೆ ಅವನಿಗಿಂತ ದೊಡ್ಡ ಮೀಸೆ ಬಂತು. ಡಬ್ಬಿ ಲೋಟಕ್ಕೆ ಬೆರಳು ಅದ್ದಿ ನೊರೆ ಅಳೆದು, "ನಾಲ್ಕು ಬೆರಳು," ಎಂದು ಒಪ್ಪಿಕೊಂಡಳು. ಅವಳು ಹಾಗೆ ಒಪ್ಪಿಕೊಳ್ಳುವುದನ್ನು ನೋಡಬೇಕೆಂದು ತರ್ಲೆ ಮೂರು ದಿನ ಕಾದಿದ್ದಳು. ಈಗ ಅದು ಅವಳ ಕಿವಿಗೆ ಸರಿಯಾಗಿ ಬೀಳಲೂ ಇಲ್ಲ.

ಗೆಳೆಯರು ಹೋದ ಮೇಲೆ ಅಜ್ಜಿಗೆ ತೋರಿಸಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು.

"ಇನ್ನೂ ನಾಲ್ಕು ಹಲ್ಲಿವೆಯಲ್ಲ? ನನಗೂ ಅಷ್ಟೇ ಇರೋದು. ನಾನು ಓಡಾಡ್ಕೊಂಡಿಲ್ವಾ?"

ನೀರು ಹಾಕಿ ಓಡಿಸಿದರು. ತಿರುಗಿತು! ತರ್ಲೆ ಜಾರನ್ನು ಮೂರು ಸಲ ತೊಳೆದು, ಒರೆಸಿ, ಮಿಕ್ಸಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು. ಮುರಿದ ಎರಡು ಹಲ್ಲುಗಳನ್ನು ಕಿಟಕಿಯಿಂದ ಎಸೆದಳು.

ಅಪ್ಪ ಬಂದವರೇ ಉಳಿದಿದ್ದ ಅರ್ಧ ಲೋಟ ಕಾಫಿ ಕುಡಿದು ಕಣ್ಣರಳಿಸಿದರು. "ಇಷ್ಟೊಂದು ನೊರೆ! ಯಾವುದರಲ್ಲಿ ಮಾಡಿದ್ರಿ?"

"ಕೈಯಲ್ಲಿ," ಎಂದರು ಅಜ್ಜಿ, ರೆಪ್ಪೆ ಕೂಡ ಮಿಟುಕಿಸದೆ. "ನಿನ್ನನ್ನ ಬೆಳೆಸಿದ ಕೈ ಕಣೋ ಇದು. ಕಾಫಿ ಯಾವ ಲೆಕ್ಕ?"

ಆರು ಗಂಟೆಗೆ ಗಣಿತದ ಮಿಸ್ ಬಂದರು. ಸ್ಕೂಟರ್ ಇನ್ನೂ ಆಫ್ ಮಾಡಿರಲಿಲ್ಲ. ತರ್ಲೆ ಬಾಗಿಲ ಹಿಂದೆ ನಿಂತಳು.

"ಒಂದ್ನಿಮಿಷ ಮೇಡಂ, ನೀರು ಹಾಕಿ ಓಡಿಸಿ ತೋರಿಸ್ತೀನಿ," ಎಂದರು ಅಪ್ಪ.

"ಬೇಡ ಬಿಡಿ. ನೀವು ಕೈ ಇಟ್ಟ ಮೇಲೆ ನೋಡೋದೇನಿದೆ?" ಎಂದು ಮಿಸ್ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡರು. ಅಪ್ಪನ ಮುಖದಲ್ಲಿ ಸಣ್ಣ ನಗು ಮೂಡಿತು. ಸ್ಕೂಟರ್ ಹೊರಟುಹೋಯಿತು.

ಬಚಾವ್, ಎಂದುಕೊಂಡಳು ತರ್ಲೆ.

ಸೋಮವಾರ ಗಣಿತದ ಪೀರಿಯಡ್‌ನಲ್ಲಿ ಅವಳು ತಲೆಯನ್ನೇ ಎತ್ತಲಿಲ್ಲ. ಭಯದಲ್ಲಿ ಎಲ್ಲ ಲೆಕ್ಕವನ್ನೂ ಸರಿ ಮಾಡಿದಳು. "ಇದು ನಿನ್ನ ಪುಸ್ತಕ ತಾನೆ?" ಎಂದು ಮಿಸ್ ಎರಡು ಸಲ ಕೇಳಿದರು. ಮಿಕ್ಸಿಯ ಸುದ್ದಿ ಎತ್ತಲಿಲ್ಲ.

ಮಂಗಳವಾರ ಸಂಜೆ ನೀಲಿ ಮಿಕ್ಸಿ ವಾಪಸ್ ಬಂತು.

"ಎರಡೇ ಎರಡು ಟೊಮೆಟೊ ಹಾಕಿದ್ದೆ," ಎಂದರು ಮಿಸ್. "ಮೋಟರ್ ಓಡತ್ತೆ, ಜಾರು ತಿರುಗಲ್ಲ."

ಅಪ್ಪ ಜಾರು ಎತ್ತಿ ನೋಡಿದರು. ಕಪ್ಲರಿನಲ್ಲಿ ಈಗ ಒಂದು ಹಲ್ಲೂ ಇರಲಿಲ್ಲ. ಅವರು ಅದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಹೊಸದು ಹಾಕಿದ್ದೆ ಮೇಡಂ. ನಾನೇ ಹಾಕಿದ್ದೆ."

"ಇರಲಿ ಬಿಡಿ, ಎಲ್ಲರ ಕೈಲೂ ಒಂದೊಂದ್ಸಲ ಹೀಗಾಗತ್ತೆ," ಎಂದರು ಮಿಸ್, ತುಂಬ ಮೆತ್ತಗೆ. ಅವರು ಕಿರುಚಿದ್ದರೇ ವಾಸಿಯಿತ್ತು.

ಅಪ್ಪ ಬೇರೆ ಕಪ್ಲರ್ ಹಾಕಿದರು. ನೀರು ಹಾಕಿ ಒಂದು ಸಲವಲ್ಲ, ನಾಲ್ಕು ಸಲ ಓಡಿಸಿದರು. ಮಿಸ್ ಹೋದರು.

ಮತ್ತೆ ಬಚಾವ್, ಎಂದುಕೊಂಡಳು ತರ್ಲೆ. ಒಳಗೆ ಹೋಗಿ ಹೋಂವರ್ಕ್ ತೆರೆದಳು. ಮುಂದಿನ ಕೋಣೆಯಿಂದ ಸ್ಕ್ರೂ ಬಿಚ್ಚುವ ಸದ್ದು ಬರತೊಡಗಿತು. ಬಹಳ ಹೊತ್ತಾದರೂ ನಿಲ್ಲಲಿಲ್ಲ. ಎದ್ದು ಹೋಗಿ ಇಣುಕಿದಳು.

ಟಿಕ್ ಹಾಕಿದ್ದ ಮಿಕ್ಸಿಗಳೆಲ್ಲ ಹಲಗೆಯಿಂದ ಕೆಳಗಿಳಿದಿದ್ದವು. ಅಪ್ಪ ನೆಲದ ಮೇಲೆ ಕೂತು ಒಂದೊಂದಾಗಿ ಬಿಚ್ಚುತ್ತಿದ್ದರು. ಅವರು ಹೊಸ ಕಪ್ಲರ್ ಹಾಕಿದ್ದ ಮಿಕ್ಸಿಗಳು. ಎಲ್ಲವೂ ಸರಿಯಿದ್ದವು. ಅಪ್ಪ ಒಂದೊಂದು ಕಪ್ಲರನ್ನೂ ಕಿತ್ತು ಬೆಳಕಿಗೆ ಹಿಡಿದು ನೋಡಿ, ಕಸದ ಬುಟ್ಟಿಗೆ ಹಾಕುತ್ತಿದ್ದರು. ಮಧ್ಯೆ ಫೋನ್ ಎತ್ತಿಕೊಂಡು, "ಸಾರ್, ಇವತ್ತು ಬರಬೇಡಿ... ರೆಡಿಯಾಗಿತ್ತು, ಆದ್ರೆ ಇನ್ನೊಂದ್ಸಲ ನೋಡಬೇಕು... ಇಲ್ಲ ಸಾರ್, ನನಗೇ ಯಾಕೋ ಧೈರ್ಯ ಬರ್ತಿಲ್ಲ," ಎಂದರು.

ಅಜ್ಜಿ ಮೂಲೆಯ ಕುರ್ಚಿಯಲ್ಲಿದ್ದರು. ಪೇಪರ್ ಮುಖಕ್ಕೆ ಅಡ್ಡ ಹಿಡಿದಿದ್ದರು. ತಲೆಕೆಳಗಾಗಿ ಹಿಡಿದಿದ್ದರು.

"ಅಮ್ಮಾ," ಎಂದರು ಅಪ್ಪ. "ನನ್ನ ಕಣ್ಣು ಮಂಜಾಗಿದೆಯೇನೋ. ಹಳೇದನ್ನೇ ಹೊಸದು ಅಂತ ಹಾಕಿಬಿಟ್ಟಿದ್ದೀನಿ, ನೋಡು. ಹಾಕಿದ್ದು ಗೊತ್ತೇ ಆಗಿಲ್ಲ. ಕೈ ಮೊದಲಿನ ಹಾಗಿಲ್ಲ."

ಪೇಪರ್ ಅಲುಗಿತು. ಅಜ್ಜಿ ಅದನ್ನು ಇನ್ನೂ ಮೇಲಕ್ಕೆ ಎತ್ತಿಕೊಂಡರು.

ಅಪ್ಪ ಎರಡೂ ಕೈಗಳನ್ನು ಮುಂದೆ ಚಾಚಿ, ನಡುಗುತ್ತಿವೆಯೇ ಎಂದು ನೋಡಿಕೊಂಡರು. ಅವು ನಡುಗುತ್ತಿರಲಿಲ್ಲ. ಆದರೂ ಅವರು ನೋಡುತ್ತಲೇ ಇದ್ದರು. ಬೈಗುಳ ತಪ್ಪಿಸಿಕೊಳ್ಳುವುದು ಹೇಗೆಂದು ತರ್ಲೆಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಹೀಗೆ ಕೂತರೆ ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

"ಅಪ್ಪಾ, ನಿನ್ನ ಕೈ ಸರಿಯಾಗೇ ಇದೆ," ಎಂದಳು.

"ಹೋಗಮ್ಮ, ಓದ್ಕೋ."

"ಇಲ್ಲ ಅಪ್ಪ. ಕೋಲ್ಡ್ ಕಾಫಿ ಮಾಡಿದ್ದು ಅದರಲ್ಲೇ. ನೀಲಿ ಮಿಕ್ಸೀಲಿ. ಎರಡು ಹಲ್ಲು ಆವತ್ತೇ ಮುರೀತು. ನಾನು ಕಿಟಕಿಯಿಂದ ಎಸೆದುಬಿಟ್ಟೆ."

ತರ್ಲೆ ಕಣ್ಣು ಮುಚ್ಚಿಕೊಂಡು ಕಾದಳು.

"ಐಸ್ ಹಾಕಿದ್ಯಾ?" ಎಂದರು ಅಪ್ಪ.

"ಹೂಂ."

"ಎಷ್ಟು ದೊಡ್ಡದು?"

ಕಣ್ಣು ಮುಚ್ಚಿಕೊಂಡೇ ಮುಷ್ಟಿ ಹಿಡಿದು ತೋರಿಸಿದಳು.

"ಉಸ್ಸಪ್ಪಾ..." ಎಂದು ಉದ್ದವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಕಣ್ಣು ತೆರೆದಳು. ಅಪ್ಪ ಗೋಡೆಗೆ ಒರಗಿ ನಗುತ್ತಿದ್ದರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು.

"ಅಂದ್ರೆ ನಾನು ಹಾಕಿದ್ದು ಹೊಸದೇ?"

"ಹೊಸದೇ ಅಪ್ಪ. ನಾನು ನೋಡಿದ್ದೆ."

"ಸರಿಯಾಗಿ ಕೂತಿತ್ತಾ? ಅಲ್ಲಾಡ್ತಿರಲಿಲ್ಲ ತಾನೆ?"

"ಒಂಚೂರೂ ಅಲ್ಲಾಡ್ತಿರಲಿಲ್ಲ."

ಅಪ್ಪ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಇನ್ನೆರಡು ಸಲ ಕೇಳಿದರು. ಪ್ರತಿ ಸಲವೂ ತರ್ಲೆ ಹೇಳಿದಳು. ಬೈದಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅಪ್ಪ ಖುಷಿಯಾಗಿದ್ದರು, ಅದನ್ನು ನೋಡಲಾಗದೆ ಅವಳು ಅತ್ತುಬಿಟ್ಟಳು.

ಪೇಪರ್ ಕೆಳಗಿಳಿಯಿತು. "ಕೆನೆ ಹಾಕಿದ್ದು ನಾನು," ಎಂದರು ಅಜ್ಜಿ ಗತ್ತಿನಿಂದ. "ಐಸ್ ಸಣ್ಣಗೆ ಮಾಡು ಅಂತಲೂ ಹೇಳಿದ್ದೆ. ಕೇಳ್ಬೇಕಲ್ಲ ಇವಳು!"

"ಅಮ್ಮಾ, ನೀನೂನಾ?" ಎಂದರು ಅಪ್ಪ. ಆಮೇಲೆ ಬೈಗುಳ ಶುರುವಾಯಿತು. ಬೀದಿಯ ಕೊನೆಯ ಮನೆಗೂ ಕೇಳಿಸುವಂಥ, ಸರಿಯಾದ ಬೈಗುಳ. ಅಜ್ಜಿಗೆ ಅರ್ಧ, ಮೊಮ್ಮಗಳಿಗೆ ಅರ್ಧ. ತರ್ಲೆಯ ನಾಲಿಗೆಯ ತುದಿಗೆ ಮೂರು ಎದುರುತ್ತರಗಳು ಬಂದವು, ಮೂರನ್ನೂ ನುಂಗಿಕೊಂಡಳು. ಬುಟ್ಟಿಯಲ್ಲಿದ್ದ ಒಳ್ಳೆಯ ಕಪ್ಲರುಗಳನ್ನು ಒಂದೊಂದಾಗಿ ಆರಿಸಿ ಒರೆಸಿ ಅಪ್ಪನ ಪಕ್ಕದಲ್ಲಿ ಜೋಡಿಸಿದಳು. ಅಪ್ಪ ಬೈಯುತ್ತಲೇ ಅವನ್ನು ಮತ್ತೆ ಕೂರಿಸತೊಡಗಿದರು.

"ನಿಮ್ಮ ಮಿಸ್‌ಗೆ ಯಾರು ಹೇಳ್ತಾರೆ?" ಎಂದರು ಕೊನೆಗೆ. "ನಾಳೆ ಸ್ಕೂಲಲ್ಲಿ..."

"ಈಗಲೇ ಹೇಳ್ತೀನಿ," ಎಂದಳು ತರ್ಲೆ. ಅವಳೇ ಫೋನ್ ತೆಗೆದುಕೊಂಡಳು.

ರಿಂಗ್ ಆಗುವಾಗ ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಮೊದಲು 'ಸಾರಿ ಮಿಸ್', ಆಮೇಲೆ ಕಾಫಿ, ಆಮೇಲೆ ಐಸ್. ಅಜ್ಜಿಯ ಹೆಸರನ್ನು ಸೇರಿಸುವುದೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದ, "ಹಲೋ, ಯಾರು?" ಎಂದು ಮಿಸ್ ಕೇಳಿದರು.

"ಮಿಸ್, ನಾನು. ಮಿಕ್ಸಿ ರಿಪೇರಿಯವರ ಮಗಳು," ಎಂದಳು ತರ್ಲೆ. ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ಮಿಸ್, ನಮ್ಮಪ್ಪ ಮಾಡಿದ ರಿಪೇರಿ ಸರಿಯಾಗೇ ಇತ್ತು."

ನೆಲದ ಮೇಲೆ ಸ್ಕ್ರೂಡ್ರೈವರ್ ತಿರುಗುವ ಸದ್ದು ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ತರ್ಲೆ ಅವರಿಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿ ಅದನ್ನೇ ಇನ್ನೊಂದು ಸಲ ಹೇಳಿ, ಆಮೇಲೆ ಉಳಿದದ್ದನ್ನು ಹೇಳತೊಡಗಿದಳು.